ಕೌದಿಯೊಳಗಿನ ಚಾಕು

ಹುಬ್ಬಳ್ಳಿ ವಿಮಾನ ನಿಲ್ದಾಣದ ತಪಾಸಣಾ ಯಂತ್ರದೊಳಗೆ ಹೋದ ಕೌದಿ ಹೊರಗೆ ಬರಲಿಲ್ಲ.

ಸಾವಂತ್ರವ್ವ ಅದನ್ನೇ ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ಸೊಸೆ ರೇಣುಕಾ, ಅವಳ ಎದೆಗೆ ಅವಚಿಕೊಂಡ ಮೂರು ತಿಂಗಳ ಮೊಮ್ಮಗಳು. ಹಾಲು ಕುಡಿದರೆ ಸಾಕು, ಕೂಸಿನ ಹಣೆ ಬೆವರುತ್ತಿತ್ತು, ಪಕ್ಕೆಗಳು ಏದುಸಿರಿಗೆ ಕುಣಿಯುತ್ತಿದ್ದವು. ಹೃದಯದಲ್ಲಿ ರಂಧ್ರವಿದೆ, ತಡ ಮಾಡಬೇಡಿ, ದೂರದ ಬಸ್ಸು ಬೇಡ ಎಂದಿದ್ದರು ವಿಜಯಪುರದ ಡಾಕ್ಟರು. ನಾಳೆ ಬೆಳಿಗ್ಗೆ ಬೆಂಗಳೂರಿನಲ್ಲಿ ಆಪರೇಶನ್. ಕೂಸಿನ ತಂದೆ ಮಾಳು ನಿನ್ನೆಯೇ ಹೋಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದ. ಈ ಪಾಳಿ ತಪ್ಪಿದರೆ ಮತ್ತೆ ಯಾವಾಗಲೋ.

"ಈ ಕೌದಿ ಯಾರದಮ್ಮ?" ಯಂತ್ರದ ಬಳಿಯಿದ್ದ ಭದ್ರತಾ ಸಿಬ್ಬಂದಿ ವಿಜಯಲಕ್ಷ್ಮೀ ಕೇಳಿದಳು.

"ನಮ್ದರೀ, ಕೂಸಿಂದು," ಎಂದಳು ರೇಣುಕಾ.

"ಒಳಗೆ ಚಾಕು ಇಟ್ಟಿದ್ದೀರಾ?"

"ಇಲ್ರಿ ಮೇಡಂ. ಚಾಕು ನಡೆಂಗಿಲ್ಲ ಅಂತ ನಮಗ ಗೊತ್ತೈತ್ರಿ. ನಮ್ಮತ್ತಿ ಎಲಿ-ಅಡಕಿ ಸಂಚಿಯೊಳಗಿನ ಅಡಕೊತ್ತು ಸೈತ ಮನ್ಯಾಗ ಇಟ್ಟ ಬಂದಾರ."

ವಿಜಯಲಕ್ಷ್ಮೀ ಪರದೆಯನ್ನು ಅವರತ್ತ ತಿರುಗಿಸಿದಳು. ಅರಿವೆಯ ಪದರುಗಳ ನಡುವೆ ಮಡಚಿದ ಚಾಕು ಎಲುಬಿನ ಹಾಗೆ ಎದ್ದು ಕಾಣುತ್ತಿತ್ತು. "ಹೊಲಿದು ಮುಚ್ಚಿಟ್ಟಿದ್ದೀರಲ್ಲ, ಇದೇನು?"

ರೇಣುಕಾ ಪರದೆ ನೋಡಿ ಅತ್ತೆಯತ್ತ ತಿರುಗಿದಳು. ವಾಕಿಟಾಕಿ ಹಿಡಿದ ಅಧಿಕಾರಿಯೊಬ್ಬ ಬಂದು ನಿಂತ. "ಸುಳ್ಳು ಹೇಳಿದರೆ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ. ಯಾರು ಬಚ್ಚಿಟ್ಟದ್ದು?"

ಸಾವಂತ್ರವ್ವ ಬಬಲೇಶ್ವರದ ಕುರಿಗಾರರ ಮನೆಯ ಮಗಳು. ಕಳ್ಳಕವಟಗಿಯ ಅಮಸಿದ್ದನ ಕೈ ಹಿಡಿದ ಮೇಲೆ ವರ್ಷದಲ್ಲಿ ಅರ್ಧ ಕುರಿಗಳ ಹಿಂದೆ ನಡೆದೇ ಕಳೆದವಳು. ಹಸುಗೂಸಿನ ಬಳಿ ಕಬ್ಬಿಣವಿದ್ದರೆ ಗಾಳಿ ಸೋಂಕದು ಎಂಬುದು ಅವರ ಕಡೆಯ ನಂಬಿಕೆ. ತಿಕೋಟಾದ ಆಚೆ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದಾಗ, ಚೊಚ್ಚಲ ಮಗನ ತಲೆದಿಂಬಿನ ಅಡಿಯ ಚಾಕು ತೆಗೆದುಕೊಂಡು ಈಯುತ್ತಿದ್ದ ಕುರಿಯ ಕಡೆ ಓಡಿದ್ದಳು. ಮರಿಯ ಹೊಕ್ಕುಳಬಳ್ಳಿ ಕೊಯ್ದು ಬರುವಷ್ಟರಲ್ಲಿ ಜೋಳಿಗೆಯ ಕೂಸು ತಣ್ಣಗಾಗಿತ್ತು. "ಕಬ್ಬಣಾ ತಗದಿ, ಕೂಸ ಹೋತು," ಅಂದುಬಿಟ್ಟಳು ಅತ್ತೆ. ಆ ಮಾತನ್ನು ಸಾವಂತ್ರವ್ವ ಪೂರ್ತಿ ನಂಬಲೂ ಇಲ್ಲ, ಮರೆಯಲೂ ಇಲ್ಲ. ಆಮೇಲೆ ಹುಟ್ಟಿದ ಮಾಳುವನ್ನು ಕಬ್ಬಿಣವಿಲ್ಲದೆ ಒಂದು ಗಳಿಗೆಯೂ ಮಲಗಿಸಲಿಲ್ಲ. ಮಾಳುವಿನ ಮಗಳು ಹುಟ್ಟಿದ ಐದನೆಯ ದಿನ, ಐದೇಶಿಯ ಪೂಜೆಯಂದೇ ಅದೇ ಚಾಕುವಿಗೆ ಅರಿಷಿಣ ಹಚ್ಚಿ, ಯಾರೂ ತೆಗೆಯಬಾರದೆಂದು ಕೌದಿಯ ಮೂಲೆಗೆ ಹೊಲಿದುಬಿಟ್ಟಳು. ವಿಮಾನದಲ್ಲಿ ಏನೇನು ಒಯ್ಯಬಾರದೆಂದು ಮಾಳು ಫೋನಿನಲ್ಲಿ ಹೇಳಿದಾಗ ಅಡಕೊತ್ತು ನೆನಪಾಯಿತು, ಇದು ನೆನಪಾಗಲಿಲ್ಲ. ಅವಳ ಪಾಲಿಗೆ ಅದು ಚಾಕುವಾಗಿ ಉಳಿದೇ ಇರಲಿಲ್ಲ.

"ರೇಣವ್ವಗ ಗೊತ್ತಿಲ್ರಿ. ಹೊಲದಾಕಿ ನಾನು," ಎಂದಳು ಸಾವಂತ್ರವ್ವ. "ಕೂಸಿನ ಕಾವಲಿಗಿ ಇಟ್ಟಿದ್ದೆ ಯಪ್ಪಾ."

"ಬಿಚ್ಚಿ," ಎಂದ ಅಧಿಕಾರಿ.

ಬಿಗಿಯಾದ ಹೊಲಿಗೆಯಲ್ಲಿ ಸಾವಂತ್ರವ್ವನ ಉಗುರಿಗೆ ದಾರ ಸಿಗಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದಳು. ಅಧಿಕಾರಿ ಚಾಕು ತೆರೆದ. ಅಲಗಿನ ಮೇಲೆ ಅರಿಷಿಣ ಒಣಗಿ ಹೊಪ್ಪಳೆಗಟ್ಟಿತ್ತು. ರೇಣುಕಾ ಚಾಚಿದ ಆಸ್ಪತ್ರೆಯ ಕಾಗದಗಳನ್ನು ಓದಿದ, ಇಬ್ಬರ ಗುರುತಿನ ಚೀಟಿ ನೋಡಿದ, ಮತ್ತೆ ಅಲಗಿನತ್ತ ನೋಡಿದ. ಬೆಂಗಳೂರಿನ ವಿಮಾನದ ಕೊನೆಯ ಕರೆ ಕೇಳಿಸಿತು.

"ಇದು ಒಳಗೆ ಹೋಗುವುದಿಲ್ಲ. ನಿಮ್ಮ ದೊಡ್ಡ ಬ್ಯಾಗು ಆಗಲೇ ವಿಮಾನಕ್ಕೆ ಹೋಗಿದೆ. ಈ ಡಬ್ಬಿಗೆ ಹಾಕಿ ಹೋಗಿ. ಇಲ್ಲ ಅಂದರೆ ನೀವು ಇಲ್ಲೇ ಉಳಿಯಿರಿ."

ಅವನು ಮರಳಿ ಕೈಗಿತ್ತ ಚಾಕುವನ್ನು ಸಾವಂತ್ರವ್ವ ಮುಷ್ಟಿಯಲ್ಲಿ ಹಿಡಿದು ನಿಂತಳು.

"ಹಾಕ್ರಿ ಅತ್ತಿ."

"ತಡಿ ಬೇ."

"ಏನ್ ತಡೀಲಿ? ವಿಮಾನ ಹೋದ್ರ ನಾಳಿನ ಪಾಳಿ ಹೋಗ್ತೈತಿ."

"ನಿನಗೇನ್ ಗೊತ್ತಾಗ್ತೈತಿ! ನಾ ಒಮ್ಮೆ ತಗದು..."

ರೇಣುಕಾ ಎಂದೂ ಅತ್ತೆಗೆ ಎದುರಾಡಿದವಳಲ್ಲ. "ಗೊತ್ತೈತಿ. ನಿಮ್ಮ ಮಗ ಹೇಳ್ಯಾರ. ಅವತ್ತ ಕೂಸಿನ ಹಂತ್ಯಾಕ ಯಾರೂ ಇರಲಿಲ್ಲ ಅತ್ತಿ. ಇವತ್ತ ನೀವ ಅದೀರಿ. ನೀವೂ ಇಲ್ಲೇ ನಿಂತ್ರ ನಾ ಒಬ್ಬಾಕಿ ಏನ್ ಮಾಡ್ಲಿ?"

ಕೂಸು ಕುಂಯ್ ಅಂದಿತು. ಡಬ್ಬಿಯಲ್ಲಿ ಯಾರ‍್ಯಾರದೋ ಕತ್ತರಿ, ಬೆಂಕಿಪೊಟ್ಟಣ ಬಿದ್ದಿದ್ದವು. ಸಾವಂತ್ರವ್ವ ಚಾಕುವನ್ನು ಸೆರಗಿನಿಂದ ಒಮ್ಮೆ ಒರೆಸಿ, ಮಡಚಿ, ಅವುಗಳ ಮೇಲೆ ಇಟ್ಟಳು. ಎಸೆಯಲಿಲ್ಲ, ಇಟ್ಟಳು.

"ಇನ್ನೇನಾದರೂ ಹೊಲಿದಿದ್ದೀರಾ ಅಜ್ಜಿ?" ಕೌದಿ ಮರಳಿಸುತ್ತ ವಿಜಯಲಕ್ಷ್ಮೀ ಕೇಳಿದಳು.

"ನಿನ್ನ ಮಿಶನ್ನಿಗಿ ಕಾಣಲಾರದ್ದು ನಮ್ಮ ಹಂತ್ಯಾಕ ಏನ್ ಉಳದೈತಿ ಬಿಡ ಯವ್ವಾ," ಎಂದು ಸಾವಂತ್ರವ್ವ ಕೌದಿ ಹೆಗಲಿಗೆ ಹಾಕಿಕೊಂಡು ಓಡಿದಳು.

ಬಾಗಿಲು ಮುಚ್ಚುವ ಮೊದಲು ಒಳಗೆ ಸೇರಿದರು. ರೇಣುಕಾ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಸೊಂಟಕ್ಕೆ ಸೀಟಿನ ಪಟ್ಟಿ ಬಿಗಿದ ಸಾವಂತ್ರವ್ವ ಪಕ್ಕದಿಂದ ಕೈ ಚಾಚಿ ಅಂಗೈಯನ್ನು ಮೆಲ್ಲಗೆ ಕೂಸಿನ ಎದೆಯ ಮೇಲಿಟ್ಟಳು. ವಿಮಾನ ನೆಲ ಬಿಟ್ಟಾಗ ಸುತ್ತಲಿನವರೆಲ್ಲ ಕಿಟಕಿಯತ್ತ ಬಾಗಿದರು. ಅವಳು ಮಾತ್ರ ಅಂಗೈಯ ಕೆಳಗೆ ಏರಿ ಇಳಿಯುತ್ತಿದ್ದ ಉಸಿರನ್ನು ಕಾಯುತ್ತ ಕೂತಳು.