ಕ್ಯಾಪ್ಟನ್ ಯಾರ ಪಾಲಿಗೆ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಎಂಟನೇ ಕ್ಲಾಸಿನ ನಡುವೆ. ನಮ್ಮ ಮನೆ ಎರಡು ಪಾಲಾಗಿದ್ದೂ ಅದೇ ವರ್ಷ. ಇವೆರಡನ್ನೂ ನಾನು ದಿನಾ ನೆನೆಯುವವನಲ್ಲ. ಮೋಟಾರ್ ರಿವೈಂಡಿಂಗ್ ಮಾಡುವವನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು. ಆದರೆ ಜನವರಿಯಲ್ಲಿ ಹಿರಿಯೂರಿನ ಸಂತೆಗೆ ಸೊಗಡಿನ ಅವರೆಕಾಯಿ ಬಂದು ರಾಶಿ ಬಿತ್ತೆಂದರೆ, ವಾರ್ನಿಶ್ಶಿಗೂ ಸುಟ್ಟ ತಂತಿಗೂ ಒಗ್ಗಿಹೋದ ನನ್ನ ಮೂಗು ಕೂಡ ಸುಮ್ಮನಿರುವುದಿಲ್ಲ. ಎರಡು ಸಲ ಸೋಪು ಹಚ್ಚಿದರೂ ಬೆರಳು ಬಿಡದ ಆ ಹಸಿರು ಜಿಡ್ಡಿನ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಐಮಂಗಲದ ಮಾಳಿಗೆ ಮನೆಯ ಪಡಸಾಲೆಯಲ್ಲಿ ಕೂರಿಸಿಬಿಡುತ್ತದೆ. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಅಜ್ಜಿಯ ಮಡಿಲಿಗೆ ಬರುತ್ತಿತ್ತು. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಮಾಳಿಗೆಯಿಂದ ಚೂರು ಮಣ್ಣು ಉದುರುತ್ತಿತ್ತು, ಅಜ್ಜಿ ಬೇಳೆಯ ಪಾತ್ರೆಗೆ ಸೆರಗು ಮುಚ್ಚುತ್ತಿದ್ದಳು.

ಆ ಕಾಲದಲ್ಲಿ ಜನವರಿ ಇಪ್ಪತ್ತಾರರ ಮಧ್ಯಾಹ್ನ ಟಿ.ವಿ.ಯಲ್ಲಿ ಒಂದು ಹಳೆಯ ಹಿಂದಿ ಯುದ್ಧದ ಸಿನಿಮಾ ಬರುತ್ತಿತ್ತು. ನಮಗೆ ನೆನಪಿದ್ದಷ್ಟು ವರ್ಷವೂ ಅದೇ ಸಿನಿಮಾ. ಹಿಮದ ಬೆಟ್ಟದ ಮೇಲೊಂದು ಸೇತುವೆ, ಅದನ್ನು ಕಾಯುವ ಹತ್ತಾರು ಸಿಪಾಯಿಗಳು, ಆಚೆಯಿಂದ ಗುಂಡು. ಹಿಂದಿ ತಿಳಿಯುತ್ತಿದ್ದುದು ಚಿಕ್ಕಪ್ಪನಿಗೆ ಮಾತ್ರ. ಅಪ್ಪನ ಒಬ್ಬನೇ ತಮ್ಮ, ಲಾರಿ ಓಡಿಸುತ್ತಿದ್ದ, ಇನ್ನೂ ಮದುವೆಯಾಗಿರಲಿಲ್ಲ. ಆ ಕಪ್ಪುಬಿಳುಪು ಟಿ.ವಿ.ಯನ್ನೂ ಪುಣೆಯಿಂದ ಲಾರಿಯಲ್ಲಿ ಗೋಣಿಚೀಲ ಸುತ್ತಿ ತಂದವನು ಅವನೇ. ನೆನೆಸಿದ ಅವರೆಕಾಳಿನ ಸುತ್ತ ನಾವೆಲ್ಲ ಕೂತು ಬೇಳೆ ಹಿಸುಕುತ್ತಿದ್ದೆವು, ಅವನು ಮಾತು ತಿಳಿಸುತ್ತಿದ್ದ. ಗುಂಡಿನ ಕಾಳಗ ಶುರುವಾದರೆ ಚಿಕ್ಕಪ್ಪನ ಬೆರಳಿನಿಂದ ಬೇಳೆ ಪಾತ್ರೆಗೆ ಬೀಳದೆ ಟಿ.ವಿ.ಗೆ ಹಾರುತ್ತಿತ್ತು. ಅವ್ವ ಗೊಣಗುತ್ತಿದ್ದಳು: "ವೈರಿಗಳನ್ನ ಆಮೇಲೆ ಹೊಡೆಯುವಿಯಂತೆ, ಸಾರಿಗೆ ಬೇಳೆ ಉಳಿಸಪ್ಪ ಮಾರಾಯ."

ಸಿನಿಮಾ ಶುರುವಾಗುವ ಮೊದಲು ಪಾತ್ರಗಳನ್ನು ಹಂಚಿಕೊಳ್ಳಬೇಕು. ಅದು ನಮ್ಮ ಮನೆಯ ಪದ್ಧತಿ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯ ಪಾಲು ಮಾಡುತ್ತಾನೆ, ಕಿರಿಯ ಮೊದಲು ಆರಿಸಿಕೊಳ್ಳುತ್ತಾನೆ. ಕೊನೆಗೆ ಉಳಿದದ್ದು ಹಿರಿಯನಿಗೆ. ಅದೇ ನಿಯಮ ಸಿನಿಮಾಕ್ಕೂ. ಅಪ್ಪ ಒಬ್ಬೊಬ್ಬರ ಹೆಸರು ಹೇಳುತ್ತಿದ್ದ: ಕ್ಯಾಪ್ಟನ್, ಮೀಸೆ ಹವಾಲ್ದಾರ, ವೈರ್‌ಲೆಸ್ಸಿನವನು, ಅಡುಗೆಯವನು. ಅಜ್ಜಿ ಈ ನಿಯಮದ ಆಚೆ ಇದ್ದಳು. ಅವಳದು ಯಾವಾಗಲೂ ಮದ್ದುಗುಂಡು ಹೊರುವ ಹೇಸರಗತ್ತೆ. "ಅಷ್ಟು ಜನದಾಗೆ ಬಾಯಿ ಮುಚ್ಕಂಡು ಗೇಯೋದು ಅದೊಂದೇ ಐತೆ," ಅನ್ನುವಳು. ಅವ್ವ ವೈರ್‌ಲೆಸ್ಸಿನವನನ್ನು ಬಿಟ್ಟುಕೊಡುತ್ತಿರಲಿಲ್ಲ. ಕಾರಣ ಕೇಳಿದರೆ, "ಅವನೊಬ್ಬ ಹೇಳಿದ್ದನ್ನ ಕೇಳಿಸ್ಕಂತಾನೆ. ಈ ಮನೆಯಾಗೆ ಅಂಥೋರು ಯಾರವ್ರೆ?" ಎಂದು ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ಕೇಳಿಸದವನ ಹಾಗೆ ಇರುತ್ತಿದ್ದ, ಎಲ್ಲರೂ ನಗುತ್ತಿದ್ದರು.

ಮನೆಗೆ ಕಿರಿಯ ನಾನು. ಮೊದಲ ವರ್ಷ ಕ್ಯಾಪ್ಟನ್ ಬೇಕು ಅನ್ನಲು ಬಾಯಿ ತೆರೆದೆ, ಚಿಕ್ಕಪ್ಪ ತೊಡೆ ಚಿವುಟಿದ. ತಿರುಗಿ ನೋಡಿದರೆ ಕಣ್ಣಲ್ಲೇ ಅಪ್ಪನನ್ನು ತೋರಿಸಿದ. ಅಪ್ಪ ಅವರೆಕಾಳಿನ ಮೇಲೆ ಬಗ್ಗಿ ಕೂತಿದ್ದ, ಕೈ ಮಾತ್ರ ನಿಂತಿತ್ತು. ನಾನು ಹವಾಲ್ದಾರನನ್ನು ತೆಗೆದುಕೊಂಡೆ. ಮುಂದಿನ ಸರದಿ ಚಿಕ್ಕಪ್ಪನದು. "ನನಗೆ ಅಡುಗೆಭಟ್ಟನೇ ಇರ್ಲಿ ಬಿಡಣ್ಣ, ಎಲ್ಲಾರಿಗಿಂತ ಮೊದ್ಲು ಉಣ್ಣಬೋದು," ಎಂದ. ಹೀಗೆ ಕ್ಯಾಪ್ಟನ್ ಅಪ್ಪನಿಗೆ ಉಳಿದ. ಪ್ರತಿ ವರ್ಷವೂ ಹಾಗೇ ಉಳಿದ. ಒಂದು ದಿನವೂ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳದ ನಮ್ಮಪ್ಪ, ಕ್ಯಾಪ್ಟನ್ ಸೇತುವೆಯ ಮೇಲೆ ನಿಂತಾಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಕೊನೆಯಲ್ಲಿ ಕ್ಯಾಪ್ಟನ್ ಸಾಯುತ್ತಾನೆ, ಎಲ್ಲರೂ ಸಾಯುತ್ತಾರೆ. ಅಡುಗೆಯವನು ಊಟ ಹೊತ್ತು ಬೆಟ್ಟ ಹತ್ತಿ ಬಂದು, ಯಾರೂ ಇಲ್ಲದ ಆ ಜಾಗದಲ್ಲಿ ತಟ್ಟೆಗಳನ್ನು ಸಾಲಾಗಿ ಇಟ್ಟು ಎಲ್ಲಕ್ಕೂ ಬಡಿಸಿ ಕೂರುತ್ತಾನೆ. ಅಲ್ಲಿಗೆ ಬರುವಷ್ಟರಲ್ಲಿ ಅವ್ವ ಏನೋ ನೆಪ ಹೇಳಿ ಎದ್ದು ಒಳಗೆ ಹೋಗಿರುತ್ತಿದ್ದಳು. ಹಿಸುಕಿದ ಬೇಳೆಯ ಸಾರು ಕುದಿಯುವ ವಾಸನೆ ಬಂದರೆ ಸಿನಿಮಾ ಮುಗಿಯಿತು ಎಂದು ಅರ್ಥ.

ಅಜ್ಜಿ ತೀರಿಕೊಂಡ ವರ್ಷ ಚಿಕ್ಕಪ್ಪನಿಗೆ ಮದುವೆಯಾಯಿತು. ಪಾಲಿನ ಮಾತು ಬಂತು. ಜಗಳವೇನೂ ಇರಲಿಲ್ಲ. ನಾಲ್ಕು ಜನ ಹಿರಿಯರನ್ನು ಅದೇ ಪಡಸಾಲೆಯಲ್ಲಿ ಕೂರಿಸಿಕೊಂಡು ಅಪ್ಪ ಪಾಲು ಹೇಳಿದ. ಒಂದು ಕಡೆ ಮನೆ ಮತ್ತು ಬಾವಿ ಹೊಲ. ಇನ್ನೊಂದು ಕಡೆ ಮರಡಿಯ ಕಲ್ಲು ಹೊಲ, ಮತ್ತೆ ತೂಕ ಸಮನಾಗಲಿ ಎಂದು ಎತ್ತು, ಗಾಡಿ, ಟಿ.ವಿ. ಹದಿಮೂರು ವರ್ಷದ ನನಗೂ ಅದು ಸಮ ಅನ್ನಿಸಲಿಲ್ಲ. ಟಿ.ವಿ. ತಂದವನು ಟಿ.ವಿ.ಯ ಕಡೆ ಹೋಗುತ್ತಾನೆ, ಅಡುಗೆಯವನನ್ನು ತೆಗೆದುಕೊಂಡವನು ಇವತ್ತೂ ಕ್ಯಾಪ್ಟನ್‌ನನ್ನು ತನಗೇ ಬಿಡುತ್ತಾನೆ ಎಂದು ಅಪ್ಪ ನಂಬಿದ್ದ ಅಂತಲೇ ನಾನು ಇಂದಿಗೂ ತಿಳಿದಿದ್ದೇನೆ. ಮೋಸ ಮಾಡುವ ಮನುಷ್ಯನಲ್ಲ ಅವನು. ಕೇಳದೆಯೇ ಸಿಕ್ಕಿದ್ದು ಅಭ್ಯಾಸವಾಗಿತ್ತು, ಅಷ್ಟೆ. ಚಿಕ್ಕಪ್ಪ ಬಹಳ ಹೊತ್ತು ನೆಲ ನೋಡುತ್ತ ಕೂತಿದ್ದ. ಆಮೇಲೆ, "ಬಾವಿ ಕಡೇದು ನನಗಿರ್ಲಿ," ಎಂದ. ಹಿರಿಯರು ಎದ್ದು ಹೋದ ಮೇಲೆ ಅವನು ಅಪ್ಪನಿಗೆ ಹೇಳಿದ್ದು ಒಂದೇ ಮಾತು: "'ಬಾವಿ ನನಗೆ ಬೇಕು ಕಣೋ' ಅಂತ ನೀನು ಕೇಳಿದ್ರೆ ಕೊಡ್ತಿದ್ದೆ ಅಣ್ಣ. ನೀನು ಕೇಳ್ಲಿಲ್ಲ."

ನಾವು ಮರಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡೆವು. ಅಲ್ಲಿಗೆ ಕರೆಂಟೇ ಇರಲಿಲ್ಲ. ಅವ್ವ ಟಿ.ವಿ.ಗೆ ಹಳೆಯ ಸೀರೆ ಹೊದಿಸಿ ಮೂಲೆಯಲ್ಲಿಟ್ಟಳು, ಅದು ಒಂದು ಸಲವೂ ಮಾತಾಡಲಿಲ್ಲ. ನಾನು ಸ್ಕೂಲು ಬಿಟ್ಟು ಹಿರಿಯೂರಿಗೆ ಬಂದು ತಂತಿ ಸುತ್ತುವುದನ್ನು ಕಲಿತೆ, ಸ್ವಂತ ಅಂಗಡಿ ಇಟ್ಟೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ, ಚಿಕ್ಕಪ್ಪನ ಮನೆಯ ನೀರನ್ನಂತೂ ಮುಟ್ಟಲಿಲ್ಲ. ಅಪ್ಪ ಹೋದಾಗ ಅವನು ಬಂದು ಹೆಗಲು ಕೊಟ್ಟ, ಅವ್ವ ಹೋದಾಗಲೂ ಬಂದ. ಎರಡು ಸಲವೂ ನಾನು ತಲೆಯಾಡಿಸಿದೆ, ಮಾತಾಡಲಿಲ್ಲ. ಈ ನಡುವೆ ಹೆದ್ದಾರಿ ಅಗಲವಾಯಿತು. ಮಾಳಿಗೆ ಮನೆ ಹೋಯಿತು, ಬಾವಿ ಮುಚ್ಚಿತು. ಅದರ ಮೇಲೆ ಈಗ ಲಾರಿಗಳು ಹೋಗುತ್ತವೆ, ಮಣ್ಣು ಉದುರಲು ಮಾಳಿಗೆಯಿಲ್ಲ.

ಈ ಜನವರಿಯಲ್ಲಿ ನನ್ನ ಮಗ ಫೋನಿನಲ್ಲಿ ಆ ಸಿನಿಮಾ ಹುಡುಕಿ ತೆಗೆದ. "ಅಪ್ಪ, ಇವ್ರಲ್ಲಿ ನಿಮ್ಮನೇಲಿ ಯಾರು ಯಾರಾಗಿದ್ರು?" ಎಂದು ಕೇಳಿದ. ಹೇಳಲು ಹೋದೆ, ಆದರೆ ಅವರಾಡುವ ಹಿಂದಿ ಮಾತಿಗೆ ಅರ್ಥ ಹೊಳೆಯಲಿಲ್ಲ. ಆ ಪಡಸಾಲೆಯಲ್ಲಿ ಕೂತವರಲ್ಲಿ ಅರ್ಥ ಹೇಳಬಲ್ಲವನು ಒಬ್ಬನೇ ಉಳಿದಿದ್ದ. ನನ್ನನ್ನು ಬಿಟ್ಟರೆ ಉಳಿದವನೇ ಅವನೊಬ್ಬ. ಸಂತೆಯಲ್ಲಿ ಅವರೆಕಾಯಿ ಕೊಂಡು, ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಐಮಂಗಲಕ್ಕೆ ಹೋದೆ. ಚಿಕ್ಕಪ್ಪ ಈಗ ಸರ್ವೀಸ್ ರಸ್ತೆಯ ಪಕ್ಕದ ಮನೆಯಲ್ಲಿ ತನ್ನ ಮಗ ಸೊಸೆಯ ಜತೆ ಇದ್ದಾನೆ. ಬಾಗಿಲಲ್ಲಿ ನನ್ನನ್ನು ನೋಡಿ, "ಏನಪ್ಪ, ದಾರಿ ತಪ್ಪಿತೇನು?" ಎಂದ. ಚೀಲ ಮೂಸಿ ನೋಡಿದ. "ಕುಂತ್ಕ," ಎಂದ. ಸೊಸೆ ನೀರು ತಂದಳು, ಕುಡಿದೆ.

ಹಿಂದಿನ ದಿನ ನೆನೆಸಿಟ್ಟ ಕಾಳು ಅವರ ಮನೆಯಲ್ಲೇ ಇತ್ತು. ಸುತ್ತ ಕೂತೆವು. ಈಗ ಎಲ್ಲರಿಗೂ ಹಿರಿಯನು ಚಿಕ್ಕಪ್ಪನೇ, ಪಾತ್ರಗಳ ಹೆಸರು ಅವನೇ ಹೇಳಿದ. ನನ್ನ ಪುಟ್ಟ ಮಗಳು ಯಾರೂ ಹೇಳಿಕೊಡದೆಯೇ ಹೇಸರಗತ್ತೆ ಬೇಕು ಅಂದಳು. ಮಗ ವೈರ್‌ಲೆಸ್ಸಿನವನನ್ನು ಹಿಡಿದ. ನನ್ನ ಸರದಿ ಬಂತು. ನಾನು ಆರಿಸಲಿಲ್ಲ.

"ಚಿಕ್ಕಪ್ಪ, ನಿನಗೆ ಯಾರು ಬೇಕು?"

ಅವನು ಕೈಯಲ್ಲಿದ್ದ ಕಾಳನ್ನು ಹಿಸುಕದೆ ಹಿಡಿದುಕೊಂಡ. "ಕ್ಯಾಪ್ಟನ್ನೇ ಕಣೋ," ಎಂದ. "ಮೊದಲಿಂದ್ಲೂ."

"ಮತ್ತೆ ಅಷ್ಟು ವರ್ಷ ಯಾಕೆ ಬಿಟ್ಟುಕೊಟ್ಟೆ?"

"ನಮ್ಮಣ್ಣ ಬಾಯಿಬಿಟ್ಟು ಕೇಳೋನಲ್ಲಪ್ಪ. ಮಕ ನೋಡಿ ತಿಳ್ಕಬೇಕಿತ್ತು. ಪಾಲಿನ ದಿನ ನಾನು ನೆಲ ನೋಡ್ತಿದ್ದೆ, ಅವನ ಮಕ ನೋಡ್ಲಿಲ್ಲ."

ನಾನು ಅಡುಗೆಯವನನ್ನು ತೆಗೆದುಕೊಂಡೆ. ಅಂಗೈಯಗಲದ ಪರದೆಯಲ್ಲಿ ಕ್ಯಾಪ್ಟನ್ ಸೇತುವೆಯ ಮೇಲೆ ನಿಂತಾಗ ಚಿಕ್ಕಪ್ಪ ಅರ್ಥ ಹೇಳುವುದನ್ನು ನಿಲ್ಲಿಸಿ, ನೋಯುವ ಸೊಂಟ ಹಿಡಿದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತ. ಅಪ್ಪ ಕೂರುತ್ತಿದ್ದುದು ಥೇಟ್ ಹಾಗೆಯೇ. ಕೊನೆಯಲ್ಲಿ ನನ್ನ ಅಡುಗೆಯವನು ಬೆಟ್ಟ ಹತ್ತಿ ಬಂದು ತಟ್ಟೆಗಳನ್ನು ಸಾಲಾಗಿ ಇಟ್ಟ. ಒಳಗೆ ಸಾರು ಕುದಿಯುತ್ತಿತ್ತು.

ಈಗ ನನಗಿರುವುದು ಇಷ್ಟು: ಹಿರಿಯೂರಿನಲ್ಲಿ ಒಂದು ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ, ಹೆಂಡತಿ, ಇಬ್ಬರು ಮಕ್ಕಳು, ಮರಡಿ ಹೊಲ, ಸೀರೆ ಹೊದಿಸಿದ ಒಂದು ಟಿ.ವಿ., ಒಬ್ಬ ಚಿಕ್ಕಪ್ಪ.