ಸಾಬಿರಾ ಆಂಟಿ ಕೇಳಿದ ಪ್ರಶ್ನೆ

ಇಂದಿರಾನಗರದ ನಮ್ಮ ಶಾಲೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದ ವ್ಯಾನುಗಳಲ್ಲಿ ಹೆಂಗಸೊಬ್ಬರು ಓಡಿಸುತ್ತಿದ್ದದ್ದು ನಮ್ಮದೊಂದೇ. ಶಿವಾಜಿನಗರದಲ್ಲಿ ಹುಟ್ಟಿ ಕೆ.ಆರ್. ಪುರಕ್ಕೆ ಸೊಸೆಯಾಗಿ ಬಂದ ಸಾಬಿರಾ ಆಂಟಿ, ಗಂಡನ ಬೆನ್ನಿಗೆ ಪೆಟ್ಟಾದ ಮೇಲೆ ಅವರ ಓಮ್ನಿಯನ್ನು ತಾವೇ ಓಡಿಸತೊಡಗಿದ್ದರು. "ಲೈಸೆನ್ಸ್ ಟೆಸ್ಟಲ್ಲಿ ಎಂಟರ ಥರ ಓಡ್ಸು ಅಂದ್ರು. ಗಾಬರೀಲಿ ಎರಡ್ ಸಲ ಓಡಿಸ್ಬಿಟ್ಟೆ, ಆ ಇನ್ಸ್‌ಪೆಕ್ಟರು ಸಾಕಮ್ಮಾ ಇಳಿ ಅಂದ" ಎಂದು ಹೇಳಿ ತಾವೇ ನಗುತ್ತಿದ್ದರು. ಅವರ ವ್ಯಾನಿನಲ್ಲಿ ಜಗಳವಾಡಬಹುದಿತ್ತು, ಕಿಟಕಿಯಿಂದ ತಲೆ ಮಾತ್ರ ಹೊರಗೆ ಹಾಕುವಂತಿರಲಿಲ್ಲ.

ಕೆ.ಆರ್. ಪುರದ ಬಳಿಯ ಕಾರ್ಖಾನೆ ಕಾಲೊನಿಯಿಂದ ಹತ್ತುತ್ತಿದ್ದ ಒಂಬತ್ತು ಮಕ್ಕಳಲ್ಲಿ ನಾನೊಬ್ಬಳು, ಇಂಚರಾ ಇನ್ನೊಬ್ಬಳು. ನನಗಿಂತ ಒಂದು ವರ್ಷ ದೊಡ್ಡವಳು, ಎಂಟನೇ ಕ್ಲಾಸು. ರಸ್ತೆಯಲ್ಲಿ ಕಂಡ ಎಮ್ಮೆಗೂ ಕ್ರಿಕೆಟ್ ಕಾಮೆಂಟರಿ ಹೇಳುವಂಥ ಹುಡುಗಿ. ಕಾಮೆಂಟರಿ ಮುಗಿಯಲಿ ಎಂದು ಆಂಟಿ ಸಿಗ್ನಲ್ ಬಿಟ್ಟರೂ ನಿಧಾನಕ್ಕೆ ಹೊರಡುತ್ತಿದ್ದರು.

ಅದು ೨೦೦೧ರ ಜುಲೈ. ಇಂಚರಾ ಗೇಟಿನ ಬಳಿ ಕಾಯುವುದು ನಿಂತಿತು. ಹಾರ್ನ್ ಹೊಡೆದರೆ, ಅರ್ಧ ಜಡೆ ಹಾಕಿಕೊಂಡು ಕಾಲೆಳೆಯುತ್ತಾ ಬರುತ್ತಿದ್ದಳು. ರಾತ್ರಿ ನಿದ್ದೆಯಿಲ್ಲ ಎನ್ನುವಳು, ವ್ಯಾನಿನಲ್ಲಿ ತೂಕಡಿಸುವಳು. ಖೋಖೋ ತಂಡದಿಂದ ತಾನಾಗಿಯೇ ಹೊರಬಂದಳು. ಚಿಕ್ಕ ಮಕ್ಕಳು ಬ್ಯಾಗು ಮುಟ್ಟಿದರೂ ಸಿಡುಕುವಳು. ಊಟದ ಡಬ್ಬಿಯನ್ನು ದಿನಾ ನಮಗೇ ಕೊಟ್ಟುಬಿಡುವಳು. ನಾವು ಖುಷಿಯಿಂದ ತಿಂದು ಮುಗಿಸಿದೆವು. ಯಾಕೆ ಕೊಡ್ತಿದ್ದಾಳೆ ಎಂದು ಕೇಳಿದವರು ಆಂಟಿ ಒಬ್ಬರೇ.

ಮೂರು ವಾರ ನೋಡಿ, ಒಂದು ಬೆಳಿಗ್ಗೆ ಆಂಟಿ ಅವಳ ತಾಯಿ ಮಧುರಾ ಅವರನ್ನು ಗೇಟಿನಲ್ಲೇ ಹಿಡಿದರು. ಆಕೆ ವಿಮಾ ಕಚೇರಿಗೆ ಹೊರಟಿದ್ದರು.

"ಅಮ್ಮಾ, ಮಗು ತುಂಬಾ ಸಪ್ಪಗಿದೆ."

"ಈ ವಯಸ್ಸಲ್ಲಿ ಎಲ್ಲಾ ಹೀಗೇ ಕಣ್ರೀ. ಮಾರ್ಕ್ಸೂ ಕಮ್ಮಿ ಬಂದಿದೆ. ಕೇಬಲ್ ತೆಗೆಸ್ಬಿಟ್ಟಿದ್ದೀವಿ, ಸರಿಹೋಗ್ತಾಳೆ."

"ಅವಳು ಟಿವಿ ನೋಡೋದು ಬಿಟ್ಟು ತಿಂಗಳಾಯ್ತಂತಲ್ಲಮ್ಮಾ?"

ಮಧುರಾ ಅವರ ಮುಖ ಬಿಗಿಯಿತು. "ನೀವು ವ್ಯಾನ್ ನೋಡ್ಕೊಳ್ಳಿ ಸಾಬಿರಾ."

ಆಂಟಿಗೆ ಬೇಸರವಾಯಿತು, ಆದರೆ ನೋಡುವುದನ್ನು ಬಿಡಲಿಲ್ಲ. ಅದೇ ವಾರ ಒಂದು ಸಂಜೆ ಉಳಿದವರೆಲ್ಲ ಇಳಿದ ಮೇಲೆ ಇಂಚರಾ ಕೇಳಿದಳಂತೆ, "ಆಂಟಿ, ನಾನು ಬರೋದೇ ನಿಂತೋದ್ರೆ ಯಾರಿಗಾದ್ರೂ ಗೊತ್ತಾಗುತ್ತಾ?"

ಆಂಟಿ ವ್ಯಾನನ್ನು ಪಕ್ಕಕ್ಕೆ ಹಾಕಿ ಹಿಂದಿನ ಸೀಟಿಗೆ ಹೋಗಿ ಕುಳಿತರು. ಬೈಯಲಿಲ್ಲ, ಮಾತು ತೇಲಿಸಲೂ ಇಲ್ಲ. "ಸ್ಕೂಲಿಗೆ ಬರೋದು ಹೇಳ್ತಿದ್ದೀಯಾ ಬೇಟಾ, ಇಲ್ಲಾ ಬದುಕೋದೇ ಬೇಡ ಅನ್ಸ್ತಿದೆಯಾ?"

ಇಂಚರಾ ಅಳತೊಡಗಿದಳು. "ಒಂದೊಂದ್ ಸಲ ಅನ್ಸುತ್ತೆ. ಬೆಳಿಗ್ಗೆ ಎದ್ರೆ ಏನೂ ಬೇಡ. ಯಾರೂ ಏನೂ ಅಂದಿಲ್ಲ ಆಂಟಿ, ಕಾರಣಾನೇ ಇಲ್ಲ. ಅದಕ್ಕೇ ಹೇಳೋಕೆ ನಾಚಿಕೆ."

"ಜ್ವರ ಬಂದ್ರೆ ನಾಚ್ಕೋತೀಯಾ? ಹೇಳಿದ್ದು ಒಳ್ಳೇದಾಯ್ತು. ಅಮ್ಮಂಗೆ ಇಬ್ರೂ ಸೇರಿ ಹೇಳೋಣ."

ಮಧುರಾ ಕಚೇರಿಯಿಂದ ಬರುವವರೆಗೂ ಆಂಟಿ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಇಬ್ಬರೂ ಇಂಚರಾಳ ಮನೆಯ ಹೊಸಿಲಲ್ಲಿ ಕುಳಿತು ಕಡಲೆಕಾಯಿ ಬಿಡಿಸಿದರು. ತಾಯಿ ಬಂದಾಗ ಮಗಳು ಆಡಿದ ಮಾತನ್ನು ಆಂಟಿ ಒಂದಕ್ಷರ ಬಿಡದೆ ಹೇಳಿದರು. ಮಧುರಾ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತು ಮಗಳನ್ನು ಅಪ್ಪಿಕೊಂಡರು.

ಮರುದಿನವೇ ಮಕ್ಕಳ ಮನೋವೈದ್ಯರ ಬಳಿ ಹೋದರು. "ಇದು ಸೋಮಾರಿತನ ಅಲ್ಲ, ಕಾಯಿಲೆ. ಎರಡು ವಾರಕ್ಕಿಂತ ಹೆಚ್ಚು ಮಗು ಹೀಗೆ ಮಂಕಾಗಿದ್ರೆ ಕಾಯಬಾರದು. ಈಗಲಾದ್ರೂ ಬಂದ್ರಲ್ಲ, ಒಳ್ಳೇದಾಯ್ತು" ಎಂದರಂತೆ ಡಾಕ್ಟರು. ಆಮೇಲೆ ಮುಖದಲ್ಲಿ ನಗು ತೋರಿಸದೆ, "ಕೇಬಲ್ ವಾಪಸ್ ಹಾಕಿಸಿ" ಎಂದರಂತೆ. ವಾರಕ್ಕೊಮ್ಮೆ ಡಾಕ್ಟರ ಜೊತೆ ಅವಳ ಮಾತುಕತೆ ನಡೆಯಿತು. ಶಾಲೆಯವರು ಹೋಮ್‌ವರ್ಕ್ ಕಡಿಮೆ ಮಾಡಿದರು. ದಸರಾ ಕಳೆದರೂ ಅವಳಿಗೆ ಕೆಟ್ಟ ದಿನಗಳೇ ಹೆಚ್ಚಿದ್ದವು. ಸಂಕ್ರಾಂತಿಯ ಹೊತ್ತಿಗೆ ನನ್ನ ಎಳ್ಳಿನ ಪೊಟ್ಟಣದಿಂದ ಸಕ್ಕರೆ ಅಚ್ಚು ಕದ್ದು ತಿಂದಳು. ನಾನು ಬೈದೆ, ಆಂಟಿ ಖುಷಿಗೆ ಕುಣಿಯುವುದೊಂದು ಬಾಕಿ.

ಇದಾದ ಮೇಲೆ ಆಂಟಿ ಉಳಿದ ವ್ಯಾನಿನವರನ್ನೂ ಬಿಡಲಿಲ್ಲ. "ದಿನಾ ಎರಡ್ ಸಲ ನಮ್ಮ ಕಣ್ಣಿಗೆ ಬೀಳ್ತಾರೆ ಮಕ್ಕಳು, ಸ್ವಲ್ಪ ಮುಖ ನೋಡ್ರಪ್ಪಾ" ಎನ್ನುತ್ತಿದ್ದರು. ಚಿಕ್ಕಮುನಿಯಪ್ಪ ಎನ್ನುವ ಹಿರಿಯ ಡ್ರೈವರು, "ನಾವೇನ್ ಡಾಕ್ಟ್ರಾ?" ಎಂದು ನಕ್ಕಿದ್ದರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವರೇ ನಮ್ಮ ವ್ಯಾನಿನ ಕಿಟಕಿಗೆ ಬಂದು ದನಿ ತಗ್ಗಿಸಿದರು. "ಸಾಬಿರಮ್ಮಾ, ನನ್ ಗಾಡೀಲಿ ಒಂದ್ ಹುಡುಗಿ ಹದಿನೈದ್ ದಿನದಿಂದ ಮಾತೇ ಆಡ್ತಿಲ್ಲ. ಹೆಂಗ್ ಕೇಳ್ಲಿ?"

ಆಂಟಿ ಎಂಜಿನ್ ಆರಿಸಿ ಕೆಳಗಿಳಿದರು.