ಮೋನಪ್ಪಣ್ಣನ ಬಕೆಟ್
ದಿಲ್ಲಿಯ ಪೀತಮ್‌ಪುರಕ್ಕೆ ಮೆಟ್ರೊ ಬಂದ ವರ್ಷ ಅಲ್ಲಿನ ತನ್ನ ಇಡ್ಲಿ ಹೋಟೆಲನ್ನು ಮಗನಿಗೆ ಬಿಟ್ಟು, ಹಳೆಯ ಮಿನಿಬಸ್ಸಿಗೆ ಫರೀದಾಬಾದಿನಲ್ಲಿ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಹೆಂಡತಿಯೊಂದಿಗೆ ತಿರುಗಾಟಕ್ಕೆ ಹೊರಟ ಮೋನಪ್ಪಣ್ಣನದು ಒಂದೇ ಮಾತು: "ನಮ್ಮಿಂದ ಯಾರಿಗೂ ಉಪದ್ರ ಇಲ್ಲ ಮಾರ್ರೆ, ಮನೆಯೇ ಜೊತೆಗುಂಟು." ಕುತುಬ್ ಮಿನಾರನ್ನು ಐದು ನಿಮಿಷ ನೋಡಿ ಅದರ ಪಾರ್ಕಿಂಗಿನಲ್ಲಿ ಗಂಟೆಗಟ್ಟಲೆ ಕುಚ್ಚಲಕ್ಕಿ ಗಂಜಿ ಬೇಯಿಸುವ ಈ ಮನುಷ್ಯ, ಪರಿಚಯದ ಕನ್ನಡಿಗರ ಮನೆ ಕಂಡರೆ ಸಾಕು, ಬೀದಿಯವರೆಲ್ಲ ಬಾಲ್ಕನಿಗೆ ಬರುವಂತೆ ಹಾರ್ನ್ ಹೊಡೆದು, ಖಾಲಿ ಬಕೆಟ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ: "ಸ್ವಲ್ಪ ನೀರು ಸಿಕ್ಕೀತಾ?" ನೀರಿಗೆ ಹೋದವ ಸೋಫಾದಲ್ಲಿ ಕೂತು, ಚಾ ಕುಡಿದು, ಮದುವೆ ಆಲ್ಬಮ್ ನೋಡಿ, ಊಟದ ಹೊತ್ತಿಗೆ ಮರಳುತ್ತಿದ್ದ. ಹೆಂಡತಿ ಹರಿಣಾಕ್ಷಿ ಅಷ್ಟು ಹೊತ್ತೂ ಪರದೆ ಎಳೆದುಕೊಂಡು, ನಾಚಿಕೆಯಿಂದ ಕುಗ್ಗಿ ಹಿಡಿಯಷ್ಟಾಗಿ ಬಸ್ಸಿನಲ್ಲೇ ಕೂತಿರುತ್ತಿದ್ದಳು. ನಾಲ್ಕನೆಯ ದಿನ, ಹೌಜ್ ಖಾಸ್‌ನ ಪ್ರೊಫೆಸರರ ಮನೆಗೆ ಹೊರಡುವ ಮೊದಲು ಅವಳೇ ನಿಂತು ಟ್ಯಾಂಕನ್ನು ಕಂಠಮಟ್ಟ ತುಂಬಿಸಿದಳು. ಆದರೂ ಗೇಟಿನೆದುರು ಅವನ ಕೈಯಲ್ಲಿ ಅದೇ ಬಕೆಟ್! "ಟ್ಯಾಂಕು ತುಂಬಿದೆಯಲ್ಲ, ಮರ್ಯಾದೆ ಬೇಡವಾ ನಿಮಗೆ?" ಎಂದು ಸಿಡುಕಿದಳು. "ತುಂಬಿದ್ದು ಗೊತ್ತುಂಟು," ಮೋನಪ್ಪಣ್ಣ ದನಿ ತಗ್ಗಿಸಿದ. "ಮೂವತ್ತು ವರ್ಷ ಇವರೆಲ್ಲರ ಮನೆಯ ಪೂಜೆಗೆ, ನಾಮಕರಣಕ್ಕೆ ಇಡ್ಲಿ ಪಾತ್ರೆ ಹೊತ್ತು ಹಿಂಬಾಗಿಲಲ್ಲಿ ಬಂದವ ನಾನು. ಮುಂದಿನ ಬಾಗಿಲಲ್ಲಿ ನಿಂತು, ಸುಮ್ಮನೆ ಮಾತಾಡಲಿಕ್ಕೆ ಬಂದೆ ಅಂತ ಹೇಗೆ ಹೇಳುವುದು?" ಹರಿಣಾಕ್ಷಿ ತಾನು ಎಳೆದಿದ್ದ ಪರದೆಯನ್ನು ಬದಿಗೆ ಸರಿಸಿ, ಸೆರಗು ಸರಿಮಾಡಿಕೊಂಡು, ಖಾಲಿ ಚೊಂಬೊಂದನ್ನು ಕೈಗೆತ್ತಿಕೊಂಡು ಅವನ ಹಿಂದೆಯೇ ಇಳಿದಳು.